ಅಜ್ಜಿಯ ಸೀರೆಗೆ ಅಳುವವರು

ಹೋದ ತಿಂಗಳು ನೆಂಟರ ಮನೆಯೊಂದರ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂದಿತ್ತು. ಹೊಟ್ಟೆ ತುಂಬಿದಾಗ ಮನುಷ್ಯನಿಗೆ ಸಂಸ್ಕೃತಿಯ ಚಿಂತೆ ಹತ್ತುವುದು ಸಹಜವಷ್ಟೆ. ಹಿರಿಯರೊಬ್ಬರು ಮಾತು ತೆಗೆದರು. “ನಮ್ಮ ಅಜ್ಜಿಯ ಇಳಕಲ್ ಸೀರೆ ಇತ್ತಲ್ಲ, ಅದರ ಸೆರಗಿನಲ್ಲಿ ಏನಿರಲಿಲ್ಲ! ಬಿಸಿ ಪಾತ್ರೆ ಇಳಿಸಲು ಅದೇ ಇಕ್ಕಳ, ಮಕ್ಕಳ ಕಣ್ಣೀರು ಒರೆಸಲು ಅದೇ ವಸ್ತ್ರ, ಕಾಸು ಕಟ್ಟಿಡಲು ಅದೇ ಗಂಟು, ನಿದ್ದೆ ಬಂದರೆ ಅದೇ ಹೊದಿಕೆ. ಈಗಿನ ಮನೆಗಳಲ್ಲಿ ಅಂಥ ಸೆರಗು ಎಲ್ಲಿದೆ? ಬೆಳಿಗ್ಗೆ ಬಾಗಿಲು ತೆಗೆದರೆ ನೈಟಿ, ರಾತ್ರಿ ಬಾಗಿಲು ಹಾಕಿದರೂ ನೈಟಿ!” ಸುತ್ತ ಕುಳಿತವರು ನಕ್ಕರು, ಕೆಲವರು ನಿಟ್ಟುಸಿರನ್ನೂ ಬಿಟ್ಟರು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಗಸರೂ ನಕ್ಕರು. ನಾನೂ ನಕ್ಕೆನೆಂದು ಹೇಳಲು ನಾಚಿಕೆಯಾಗುತ್ತದೆ. ಮನೆಗೆ ಬಂದ ಮೇಲೆ ಆ ನಗೆ ಗಂಟಲಲ್ಲಿ ಮುಳ್ಳಾಗಿ ಸಿಕ್ಕಿಕೊಂಡಿತು. ಅಲ್ಲಿ ಆಡದೆ ಹೋದ ಉತ್ತರವನ್ನು ಇಲ್ಲಿ ಆಡುತ್ತಿದ್ದೇನೆ.

ಈ ಗೋಳು ಅವರೊಬ್ಬರದೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಹಬ್ಬ ಬಂದಾಗಲೆಲ್ಲ, ಅಮ್ಮಂದಿರ ದಿನ ಬಂದಾಗಲೆಲ್ಲ, ಇದೇ ಮಾತು ಮೊಬೈಲಿನಲ್ಲಿ ಹೂವಿನ ಚಿತ್ರದೊಡನೆ ಮನೆಮನೆಗೂ ಬರುತ್ತದೆ. ಸಭೆಗಳಲ್ಲಿ ಭಾಷಣವಾಗುತ್ತದೆ. ಕಾಲೇಜುಗಳಲ್ಲಿ ಒಂದು ದಿನದ ಮಟ್ಟಿಗೆ ಹುಡುಗಿಯರು ಇಳಕಲ್ ಸೀರೆಯುಟ್ಟು, ಮೂಗಿಗೆ ನತ್ತು ಸಿಕ್ಕಿಸಿಕೊಂಡು ಪಟ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹುಡುಗಿಯರಿಗೆ ಅದೊಂದು ಸಂತೋಷ. ನನ್ನ ಜಗಳ ಇರುವುದು ಆ ಸೀರೆಯನ್ನು ಕೋಲು ಮಾಡಿಕೊಂಡು ಈಗಿನ ಹೆಂಗಸರ ಬೆನ್ನಿಗೆ ಹೊಡೆಯುವವರ ಸಂಗಡ.

ಮೊದಲು ಒಂದು ಸಣ್ಣ ಸಂಗತಿ. ಅಷ್ಟೊಂದು ಮರುಗಿದ ಆ ಹಿರಿಯರು ತೊಟ್ಟಿದ್ದುದು ಟೆರಿಕಾಟ್ ಪ್ಯಾಂಟು, ಗಿರಣಿಯ ಬಟ್ಟೆಯ ಅಂಗಿ. ಅವರ ಅಜ್ಜ ಖಂಡಿತವಾಗಿ ದೋತರ ಉಡುತ್ತಿದ್ದಿರಬೇಕು, ತಲೆಗೆ ರುಮಾಲು ಸುತ್ತುತ್ತಿದ್ದಿರಬೇಕು. ಆ ದೋತರಕ್ಕೆ ಯಾರು ಅತ್ತರು? ಆ ರುಮಾಲಿನ ಮೇಲೆ ಯಾವ ಪದ್ಯ ಹುಟ್ಟಿತು? ಅಜ್ಜನ ಮಕ್ಕಳು ಶಾಲೆ ಕಲಿತು ಕಚೇರಿ ಸೇರಿದ ದಿನವೇ ದೋತರ ಬಿಟ್ಟು ಪ್ಯಾಂಟಿನೊಳಗೆ ಕಾಲಿಟ್ಟರು. ಅದಕ್ಕೆ ನಾವು ಪ್ರಗತಿ ಎಂದೆವು, ಅನುಕೂಲ ಎಂದೆವು. ಅದೇ ಅನುಕೂಲವನ್ನು ಮನೆಯೊಳಗಿನ ಹೆಂಗಸು ಐವತ್ತು ವರ್ಷ ತಡವಾಗಿ ಬಯಸಿದರೆ ಸಂಸ್ಕೃತಿ ಮುಳುಗಿತೆ? ಗಂಡಸಿನ ಮೈಮೇಲಿಂದ ಜಾರಿದ ಸಂಸ್ಕೃತಿಯನ್ನು ಹೊರುವ ಹೊಣೆ ಹೆಂಗಸಿನ ಮೈಗೇ ಏಕೆ ಬರಬೇಕು?

ನನಗೆ ಆ ಸೀರೆಯ ಮೇಲೆ ಪ್ರೀತಿ ಇಲ್ಲವೆಂದು ಯಾರೂ ತಿಳಿಯಬಾರದು. ನನ್ನ ಅಜ್ಜಿಯ ಇಳಕಲ್ ಸೀರೆಯೊಂದು ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ನಮ್ಮದು ಅಂದಿನ ವಿಜಾಪುರ ಜಿಲ್ಲೆಯ, ಇಂದಿನ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿ. ಅಜ್ಜಿಗೆ ಸೀರೆ ಇಳಕಲ್ಲಿನಿಂದ ಬರುತ್ತಿತ್ತು, ಕುಪ್ಪಸದ ಖಣ ಗುಳೇದಗುಡ್ಡದಿಂದ. ಈ ಸೀರೆ ಹದಿನೆಂಟು ಮೊಳದ್ದು, ಅಂದರೆ ಒಂಬತ್ತು ಗಜ. ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು, ಅದರ ನಡುವೆ ಬಿಳಿಯ ತೆನೆಗಳು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. ಆ ಕೊಂಡಿಯ ಕಾರಣದಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಬೇರೆಯಾಗಿಯೇ ಸಿದ್ಧಮಾಡಬೇಕು. ಮುಟ್ಟಿ ನೋಡಿದರೆ ಆ ಕೂಡು ಬೆರಳಿಗೆ ಸಿಕ್ಕುತ್ತದೆ. ನಾನು ಮಗುವಾಗಿದ್ದಾಗ ನಿದ್ದೆ ಬರುವ ತನಕ ಆ ಕೂಡನ್ನೇ ಹೆಬ್ಬೆರಳಿನಿಂದ ಸವರುತ್ತ ಮಲಗುತ್ತಿದ್ದೆ. ಹಾಗೆ ಮಲಗಿದವಳಾದ್ದರಿಂದಲೇ ಈ ಮಾತು ಆಡುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ಅಜ್ಜಿ ಆ ಹದಿನೆಂಟು ಮೊಳವನ್ನು ಉಡುತ್ತಿದ್ದುದು ಕಚ್ಚೆ ಹಾಕಿ. ಕಚ್ಚೆ ಹಾಕಿದರೆ ಕಾಲಿಗೆ ಬಿಡುವು ಸಿಗುತ್ತದೆ. ಹೊಲದಲ್ಲಿ ಬಗ್ಗಿ ಕಳೆ ಕೀಳಬಹುದು, ಕೆರೆಯ ಮೆಟ್ಟಿಲಿಳಿದು ಕೊಡ ಹೊರಬಹುದು, ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂಡಬಹುದು. ಆಕೆ ಅದನ್ನು ಉಟ್ಟದ್ದು ಪರಂಪರೆಯನ್ನು ಉಳಿಸುವುದಕ್ಕಲ್ಲ, ಕೆಲಸ ಮಾಡುವುದಕ್ಕೆ. ಅದು ದುಡಿಮೆಯ ಉಡುಪು. ಸೆರಗು ಇಕ್ಕಳವಾದದ್ದು ಮನೆಯಲ್ಲಿ ಇಕ್ಕಳ ಇಲ್ಲದ್ದರಿಂದ. ಚೀಲವಾದದ್ದು ಆಕೆಯ ಹೆಸರಿನಲ್ಲಿ ಬೇರೆ ಚೀಲ ಇಲ್ಲದ್ದರಿಂದ. ಆ ಗಂಟಿನಲ್ಲಿ ಕಟ್ಟಿದ ನಾಲ್ಕಾಣೆಯೇ ಆಕೆ ತನ್ನದೆಂದು ಹೇಳಬಹುದಾಗಿದ್ದ ಆಸ್ತಿ. ಇದನ್ನು ನಾವು ವಾತ್ಸಲ್ಯವೆಂದು ಹಾಡುತ್ತೇವೆ. ವಾತ್ಸಲ್ಯವೂ ಇತ್ತು, ಇಲ್ಲವೆನ್ನಲಾರೆ. ಆದರೆ ಇಲ್ಲದಿರುವಿಕೆಯನ್ನು ಮರೆತು ವಾತ್ಸಲ್ಯವನ್ನಷ್ಟೇ ಹಾಡುವುದು ಅರ್ಧ ಸತ್ಯ. ಅರ್ಧ ಸತ್ಯದಿಂದ ಅರೆಹೊಟ್ಟೆ ಉಂಡವಳಿಗೆ ಅನ್ಯಾಯವಾಗುತ್ತದೆ.

“ಅಜ್ಜಿಯ ಸೀರೆ ಎಷ್ಟು ಮೆತ್ತಗಿತ್ತು!” ಎನ್ನುತ್ತಾರೆ. ಹೌದು, ಬಹಳ ಮೆತ್ತಗಿತ್ತು. ಹೊಸ ಇಳಕಲ್ ಸೀರೆಯನ್ನು ಉಟ್ಟು ನೋಡಿ. ಗಂಜಿಯ ಬಿಗುವು ಇಳಿಯುವವರೆಗೆ ಅದು ಮೈಗೆ ಒಗ್ಗುವುದಿಲ್ಲ. ನೂರಾರು ಸಲ ಬಂಡೆಗೆ ಬಡಿದು ಒಗೆದ ಮೇಲೆ ಬರುವ ಗುಣ ಆ ಮೆದು. ಅಜ್ಜಿಗೆ ಇದ್ದುದು ದಿನಕ್ಕೆರಡು ಸೀರೆ, ಉಟ್ಟದ್ದೊಂದು, ಒಣಗುವುದೊಂದು. ಮಳೆಗಾಲದಲ್ಲಿ ಎರಡನೆಯದು ಒಣಗದಿದ್ದರೆ ಹಸಿಯದನ್ನೇ ಉಟ್ಟು ಒಲೆಯ ಮುಂದೆ ಕುಳಿತು ಮೈಮೇಲೆಯೇ ಒಣಗಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕೆನ್ನೆಗೆ ಹಿತವಾದ ಆ ಮೆದುವಿನ ಬೆಲೆಯನ್ನು ಕಟ್ಟಿದವಳು ಆಕೆ. ಆ ಲೆಕ್ಕವನ್ನು ಹೂವಿನ ಚಿತ್ರದ ಕೆಳಗೆ ಯಾರೂ ಬರೆದದ್ದು ನಾನು ಕಾಣೆ.

ಇನ್ನೊಂದು ಸೀರೆಯೂ ನಮ್ಮ ಓಣಿಯಲ್ಲಿತ್ತು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡ ಒಬ್ಬ ಮಡಿ ಹೆಂಗಸು ನಮ್ಮ ಎದುರು ಮನೆಯಲ್ಲಿದ್ದರು. 1960ರ ದಶಕದಲ್ಲೂ ಅಂಥವರನ್ನು ನಮ್ಮ ಊರುಗಳಲ್ಲಿ ಕಾಣಬಹುದಾಗಿತ್ತು. ಅವರದು ದಡಿಯಿಲ್ಲದ, ತೆನೆಯಿಲ್ಲದ, ಒರಟು ಕೆಂಪು ಸೀರೆ, ಕುಪ್ಪಸವಿಲ್ಲ. ಚಳಿಗಾಲದ ನಸುಕಿನಲ್ಲಿ ನೀರು ಸೇದಿ ತಲೆಯ ಮೇಲೆ ಸುರಿದುಕೊಂಡು ಅದೇ ಕೆಂಪು ಬಟ್ಟೆಯನ್ನು ತಲೆಗೆಳೆದುಕೊಳ್ಳುತ್ತಿದ್ದರು. ಅವರಿಗೂ ಸೆರಗಿತ್ತು. ಅವರೂ ಯಾರದೋ ಮಕ್ಕಳನ್ನು ಆಡಿಸಿದವರೇ, ನನ್ನನ್ನೂ ಆಡಿಸಿದವರೇ. “ಅಜ್ಜಿಯ ಕಾಲದ ಸೀರೆ” ಎಂದಾಗ ಆ ಕೆಂಪು ಸೀರೆ ಏಕೆ ಯಾರ ನೆನಪಿಗೂ ಬರುವುದಿಲ್ಲ? ಆ ಕಾಲದಲ್ಲಿ ಹೆಂಗಸು ಏನನ್ನು ಉಡಬೇಕೆಂಬುದನ್ನು ಮತ್ತೊಬ್ಬರು ಗೊತ್ತುಮಾಡುತ್ತಿದ್ದರು. ಮುತ್ತೈದೆಗೆ ತೆನೆ, ವಿಧವೆಗೆ ಕೆಂಪು. ಹಳೆಯ ಸೀರೆಯನ್ನು ಕೊಂಡಾಡುತ್ತ ಈಗಿನವರ ಉಡುಪನ್ನು ತೀರ್ಮಾನಿಸಹೊರಟವರು ಆ ಕಾಲದಿಂದ ಸೀರೆಯನ್ನು ತಂದಿಲ್ಲ, ಆ ಅಧಿಕಾರವನ್ನು ಮಾತ್ರ ತಂದಿದ್ದಾರೆ.

ಇದು ಬರಿಯ ಮಾತಿನ ಅಧಿಕಾರವೂ ಅಲ್ಲ. 2018ರಲ್ಲಿ ನೆರೆಯ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿ ಎಂಬ ಹಳ್ಳಿಯಲ್ಲಿ ಊರ ಹಿರಿಯರು ಕೂಡಿ ಒಂದು ಕಟ್ಟಳೆ ಮಾಡಿದರು: ಬೆಳಿಗ್ಗೆ 7ರಿಂದ ಸಂಜೆ 7ರವರೆಗೆ ಹೆಂಗಸರು ನೈಟಿ ತೊಟ್ಟು ಹೊರಗೆ ಕಾಣಿಸಿಕೊಳ್ಳಕೂಡದು, ಕಾಣಿಸಿಕೊಂಡರೆ 2000 ರೂಪಾಯಿ ದಂಡ, ಹಿಡಿದುಕೊಟ್ಟವರಿಗೆ 1000 ರೂಪಾಯಿ ಇನಾಮು. ನಮ್ಮ ಗೃಹಪ್ರವೇಶದ ನಗೆಗೂ ಆ ದಂಡಕ್ಕೂ ನಡುವೆ ಇರುವ ದೂರ ಬಹಳವಲ್ಲ. ಒಂದು ಕಡೆ ನಗೆಯಿಂದ ನಾಚಿಸುತ್ತೇವೆ, ಇನ್ನೊಂದು ಕಡೆ ದುಡ್ಡಿನಿಂದ.

“ಆದರೆ ನೈಟಿ ನಮ್ಮದಲ್ಲವಲ್ಲ, ಹೊರಗಿನಿಂದ ಬಂದದ್ದಲ್ಲವೆ?” ಎಂದು ಯಾರಾದರೂ ಕೇಳಿಯಾರು. ಸರಿ, ನಾವು ಈಗ ಸನಾತನವೆಂದು ತಿಳಿದಿರುವ ಸೀರೆಯ ಉಡಿಕೆ ಎಲ್ಲಿಂದ ಬಂತು? ಲಂಗದ ಮೇಲೆ ನಿರಿಗೆ ಹಿಡಿದು, ರವಿಕೆ ತೊಟ್ಟು, ಎಡಭುಜದ ಮೇಲೆ ಸೆರಗು ಹೊದೆಯುವ ಪದ್ಧತಿ ಊರೂರಿಗೂ ಹರಡಿದ್ದು ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ. ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯಲ್ಲಿದ್ದು ಪಾರಸಿ ಹೆಂಗಸರ ರೀತಿಯನ್ನು ನೋಡಿ ಬಂಗಾಳದಲ್ಲಿ ಹೊಸ ಉಡಿಕೆಯನ್ನು ರೂಢಿಗೆ ತಂದರು. ಹೊರಗಿನಿಂದ ಬಂದ ಲಂಗ, ರವಿಕೆಗಳು ಅದರ ಜೊತೆಗೆ ಸೇರಿದವು. ನಮ್ಮ ತಾಯಿ ಮದುವೆಯಾಗಿ ಬಂದ ಮೇಲೆ ಹನ್ನೆರಡು ಮೊಳದ ಸೀರೆಯನ್ನು ಕಚ್ಚೆಯಿಲ್ಲದೆ ಉಟ್ಟಾಗ ನಮ್ಮ ಮನೆಯಲ್ಲೇ ಮಾತು ಹುಟ್ಟಿತು: “ಇದೇನು, ಪೇಟೆಯವರ ವೇಷ!” ಆ ವೇಷವೇ ಇಂದಿನ ಪರಂಪರೆ. ನಾಳೆ ನೈಟಿಗೂ ಅದೇ ಗೌರವ ಸಿಕ್ಕೀತು, ನಮ್ಮ ಮರಿಮಕ್ಕಳು “ಅಜ್ಜಿಯ ನೈಟಿ ಎಷ್ಟು ಮೆತ್ತಗಿತ್ತು!” ಎಂದು ಅತ್ತಾರು. ಆಗ ಹೊಸದಾಗಿ ಬಂದದ್ದನ್ನು ಬೈಯಲು ಹೊಸ ಹಿರಿಯರೂ ಹುಟ್ಟಿರುತ್ತಾರೆ.

ನಾನು ಹೇಳುವುದು ಇಷ್ಟೆ. ಅಜ್ಜಿಯ ಇಳಕಲ್ ಸೀರೆಗೆ ನಿಜವಾದ ವಾರಸುದಾರಳು ಮದುವೆ ಮಂಟಪದಲ್ಲಿ ಮಿರುಗುವ ರೇಷ್ಮೆಯ ಸೀರೆಯಲ್ಲ, ಈ ನೈಟಿ. ಅಗ್ಗದ ಹತ್ತಿ ಬಟ್ಟೆ, ಸಡಿಲ, ಒಗೆಯಲು ಸುಲಭ, ಒಲೆಯ ಮುಂದೆಯೂ ಬಚ್ಚಲಿನಲ್ಲೂ ನಡೆಯುತ್ತದೆ, ಮಗುವಿಗೆ ಹಾಲೂಡಲು ಅಡ್ಡಿಯಿಲ್ಲ, ಹರಿದರೆ ನೆಲ ಒರೆಸಲು ಬರುತ್ತದೆ. ಅಜ್ಜಿಯ ಸೀರೆ ಮಾಡಿದ ಕೆಲಸವನ್ನೆಲ್ಲ ಅದು ಮಾಡುತ್ತಿದೆ. ಬಾಗಿಲಿನ ಗಂಟೆ ಬಾರಿಸಿದರೆ ಹೆಂಗಸು ಕೈಗೆ ಸಿಕ್ಕ ಟವೆಲನ್ನು ಹೆಗಲ ಮೇಲೆ ಎಳೆದುಕೊಂಡು ಹೋಗುತ್ತಾಳಲ್ಲ, ಅದು ಸೆರಗಿನ ಅವಶೇಷ. ನಾವು ನಗುವುದು ಆ ಟವೆಲಿಗೆ. ಆಕೆ ಅದನ್ನು ಹೊದ್ದದ್ದು ನಮ್ಮ ಕಣ್ಣಿಗೆ ಹೆದರಿ ಎಂಬುದು ನಮಗೆ ತೋಚುವುದಿಲ್ಲ. ಈ ಲೇಖನವನ್ನು ಬರೆಯುತ್ತಿರುವಾಗ ನಾನು ತೊಟ್ಟಿರುವುದೂ ನೈಟಿಯೇ. ಲೇಖನಕ್ಕೆ ಅದರಿಂದ ಮೈಲಿಗೆಯಾಗಿದ್ದರೆ ಓದುಗರು ಕ್ಷಮಿಸಬೇಕು.

ಇಲ್ಲಿ ನನ್ನ ಮನೆಯ ಒಂದು ಸಂಗತಿ ಹೇಳಬೇಕಾಗಿದೆ. 1980ರಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಕೈಕಾಲು ಸ್ವಾಧೀನವಿಲ್ಲದ ಮುದುಕಿಗೆ ದಿನಾಲೂ ಹದಿನೆಂಟು ಮೊಳ ಸುತ್ತುವುದು, ಬಿಚ್ಚುವುದು, ಒದ್ದೆಯಾದರೆ ಮತ್ತೆ ಸುತ್ತುವುದು. ಸುತ್ತುವವರಿಗೂ ಹಿಂಸೆ, ಸುತ್ತಿಸಿಕೊಳ್ಳುವವಳಿಗೂ ಹಿಂಸೆ. ನನ್ನ ತಾಯಿ ಒಂದು ರಾತ್ರಿ ಅಜ್ಜಿಯ ಎರಡು ಸೀರೆಗಳಲ್ಲಿ ಒಂದನ್ನು ಕತ್ತರಿಸಿ, ಕತ್ತಿನಿಂದ ಹಿಮ್ಮಡಿಯವರೆಗೆ ಇಳಿಯುವ ಸಡಿಲವಾದ ಅಂಗಿಯೊಂದನ್ನು ಹೊಲಿದಳು. ಮುಂದೆ ಗುಂಡಿ, ಅಗಲ ತೋಳು. ನಮಗಾರಿಗೂ ಆಗ ನೈಟಿ ಎಂಬ ಹೆಸರು ಗೊತ್ತಿರಲಿಲ್ಲ. ಮಾರನೆಯ ದಿನ ಅದನ್ನು ತೊಡಿಸಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ತಾಯಿಯ ಕೈ ಹಿಡಿದು ಕೇಳಿದಳು: “ಇದನ್ನ ಮೊದಲ ಯಾಕ ಹೊಲೀಲಿಲ್ಲ?”

ನಾಲ್ಕು ದಿನ ಆಕೆ ಆ ಅಂಗಿಯಲ್ಲಿ ಹಗುರವಾಗಿ ಮಲಗಿದಳು. ಐದನೆಯ ದಿನ ನೋಡಲು ನೆಂಟರು ಬರುವವರಿದ್ದರು. ಮನೆಯ ಗಂಡಸರು ಪಡಸಾಲೆಯಿಂದ ಹೇಳಿಕಳಿಸಿದರು: ಹಿರಿಯ ಜೀವ ಹೀಗೆ ಗೌನು ತೊಟ್ಟು ಮಲಗಿದರೆ ಚೆನ್ನಾಗಿ ಕಾಣುವುದಿಲ್ಲ, ಸೀರೆ ಉಡಿಸಿರಿ. ಉಡಿಸಿದೆವು. ಮೂವರು ಹಿಡಿದು ಆಕೆಯನ್ನು ಎತ್ತಿ, ಹೊರಳಿಸಿ, ಉಳಿದ ಆ ಒಂದು ಸೀರೆಯನ್ನು ಸುತ್ತಿದೆವು. ಆಕೆ ನರಳಿದ್ದು ಪಡಸಾಲೆಗೆ ಕೇಳಿಸಿರಲಾರದು. ನೆಂಟರು ಬಂದರು, “ಕೊನೆಯವರೆಗೂ ಇಳಕಲ್ ಸೀರೆ ಬಿಡಲಿಲ್ಲ ನೋಡಿ” ಎಂದು ಮೆಚ್ಚಿಕೊಂಡು ಹೋದರು. ಆ ಮೆಚ್ಚುಗೆ ಈಗಲೂ ನಮ್ಮ ವಂಶದಲ್ಲಿ ಹೆಮ್ಮೆಯ ಮಾತಾಗಿ ಓಡಾಡುತ್ತಿದೆ. ಸೆರಗಿನ ಹಿಡಿಯಲ್ಲಿ ನಾನೂ ಒಬ್ಬಳಿದ್ದೆ. ಆಗ ನನಗೆ ಇಪ್ಪತ್ತಮೂರು ವಯಸ್ಸು. ಬೇಡ ಎನ್ನುವಷ್ಟು ಬುದ್ಧಿ ಬಂದಿತ್ತು, ಧೈರ್ಯ ಬಂದಿರಲಿಲ್ಲ.

ಹಾಗಾದರೆ ಇಳಕಲ್ ಸೀರೆ ಹೋದರೆ ಹೋಗಲಿ ಎನ್ನುತ್ತೀಯಾ ಎಂದು ಕೇಳಬಹುದು. ಇಲ್ಲ. ಸೀರೆಯ ಬಗೆಗೆ ಅಳಬೇಕಾದ ಸಂಗತಿ ನಿಜವಾಗಿಯೂ ಒಂದುಂಟು, ಆದರೆ ಅಳುವವರು ಅಲ್ಲಿ ಅಳುತ್ತಿಲ್ಲ. ಅದು ಸೀರೆ ಉಟ್ಟವಳ ಮನೆಯಲ್ಲಿಲ್ಲ, ನೇಯ್ದವನ ಮನೆಯಲ್ಲಿದೆ. ನೇಯ್ದವಳ ಮನೆಯಲ್ಲಿ ಎಂದರೆ ಇನ್ನೂ ಸರಿ. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಕೈಮಗ್ಗವನ್ನು ನಂಬಿದ ಕೆಲಸಗಾರರು 35 ಲಕ್ಷ; ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹೆಂಗಸರು. ನೇಕಾರರ ಮನೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ತಿಂಗಳ ಆದಾಯ 5000 ರೂಪಾಯಿಗಿಂತ ಕಡಿಮೆ. ಅದು ಒಬ್ಬರ ಕೂಲಿಯಲ್ಲ, ಇಡೀ ಮನೆಯದು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಒಬ್ಬರು ನೇಯುತ್ತಿದ್ದರೆ ಕಂಡಿಕೆ ಸುತ್ತುವುದು, ಹಾಸು ಹೂಡುವುದು ಮನೆಯ ಉಳಿದವರ ಪಾಲಿಗೆ ಬರುತ್ತದೆ. ಅವರಿಗೆ ಬೇರೆ ಕೂಲಿ ಇಲ್ಲ.

ಕಾನೂನು ಇಲ್ಲವೆಂದಲ್ಲ. 1985ರ ಕಾಯಿದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು. ಮೊದಲು 22 ಇದ್ದ ಆ ಪಟ್ಟಿ ಬಳಿಕ 11ಕ್ಕೆ ಇಳಿಯಿತು. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ರಕ್ಷಣೆಯೂ ದೊರೆತಿದೆ. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತೇವೆ. 2020ರಲ್ಲಿ ಆ ದಿನ ಬರುವುದಕ್ಕೆ ಕೆಲವೇ ದಿನ ಮೊದಲು ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಮಾಡಲಾಯಿತು. ಇತ್ತ ಅಂಗಡಿಗೆ ಹೋದರೆ ವಿದ್ಯುತ್ ಮಗ್ಗದ ಪಾಲಿಯೆಸ್ಟರ್ ಸೀರೆಗೆ ತೆನೆಯ ಚಿತ್ರವನ್ನು ಅಚ್ಚು ಹಾಕಿ “ಇಳಕಲ್” ಎಂದೇ ಮಾರುತ್ತಾರೆ. ಕೊಂಡಿ ಇಲ್ಲ, ಹತ್ತಿಯಿಲ್ಲ. ಬೆಲೆ ಮಾತ್ರ ಅಗ್ಗ. ಅಜ್ಜಿಯ ಸೆರಗಿಗೆ ಅತ್ತವರೇ ಅದನ್ನು ಕೊಂಡು ಅರಿಸಿನ ಕುಂಕುಮದ ಜೊತೆ ಹಂಚುತ್ತಾರೆ. ಕಣ್ಣೀರು ಹತ್ತಿಗೆ, ಕಾಸು ಪಾಲಿಯೆಸ್ಟರಿಗೆ.

ಅಜ್ಜಿಯ ಕಾಲದಲ್ಲಿ ಮಗ್ಗ ಬದುಕಿದ್ದುದು ಹಬ್ಬದಿಂದಲ್ಲ, ವಾರದ ಏಳು ದಿನದಿಂದ. ಎಲ್ಲರೂ ದಿನಾಲೂ ಉಡುವ ಬಟ್ಟೆ ಮಗ್ಗದಿಂದ ಬರುತ್ತಿತ್ತು. ವರ್ಷಕ್ಕೊಂದು ದಿನದ ಪಟದ ಸೀರೆಯಿಂದ ಯಾವ ನೇಕಾರನ ಒಲೆಯೂ ಉರಿಯದು. ಆದ್ದರಿಂದ ಮಗ್ಗ ಉಳಿಯಬೇಕೆಂಬ ಕಳಕಳಿ ನಿಜವಾಗಿದ್ದರೆ ಅದರ ಭಾರವನ್ನು ಹೆಂಡತಿ, ಸೊಸೆಯರ ಸೊಂಟದ ಮೇಲೆ ಹೇರಬೇಡಿ. ನಿಮ್ಮ ಜೇಬಿನ ಮೇಲೆ ಹೇರಿಕೊಳ್ಳಿ. ಅಂಗಿ ಕೈಮಗ್ಗದ್ದಾಗಲಿ, ಲುಂಗಿ ಕೈಮಗ್ಗದ್ದಾಗಲಿ, ಹಾಸಿಗೆಯ ಹಚ್ಚಡ, ದಿಂಬಿನ ಚೀಲ, ಕಿಟಕಿಯ ಪರದೆ ಕೈಮಗ್ಗದ್ದಾಗಲಿ. ನೈಟಿಯೂ ಕೈಮಗ್ಗದ್ದಾಗಲಿ! ಏಕಾಗಬಾರದು? ನನ್ನ ತಾಯಿ ಆ ರಾತ್ರಿ ಚಿಮಣಿಯ ಬೆಳಕಿನಲ್ಲಿ ಹೊಲಿದದ್ದು ಅದನ್ನೇ ಅಲ್ಲವೆ? ಬಟ್ಟೆ ನೇಕಾರನದು, ಆಕಾರ ತೊಡುವವಳದು. ಈ ಎರಡೂ ಒಂದಕ್ಕೊಂದು ವಿರೋಧವೆಂದು ನಮಗೆ ಯಾರು ಹೇಳಿಕೊಟ್ಟರು?

ಇನ್ನು ಟ್ರಂಕಿನಲ್ಲಿರುವ ಸೀರೆಯ ಮಾತು. ನಮ್ಮ ನೆಂಟರಲ್ಲೊಬ್ಬರು ಅದನ್ನು ಕೇಳುತ್ತಿದ್ದಾರೆ. ಗಾಜಿನ ಚೌಕಟ್ಟಿಗೆ ಹಾಕಿಸಿ ಹೊಸ ಮನೆಯ ಗೋಡೆಗೆ ತೂಗುಹಾಕುತ್ತಾರಂತೆ, ಕೆಳಗೆ ಒಂದು ಸಣ್ಣ ದೀಪವೂ ಉಂಟಂತೆ. ನಾನು ಕೊಡುವುದಿಲ್ಲವೆಂದು ಹೇಳಿದ್ದೇನೆ. ಅದು ಅಜ್ಜಿಯನ್ನು ನರಳಿಸಿ ಉಡಿಸಿದ ಸೀರೆ. ಮತ್ತೊಮ್ಮೆ ನೆಂಟರ ಮೆಚ್ಚುಗೆಗಾಗಿ ಅದನ್ನು ಪ್ರದರ್ಶನಕ್ಕಿಡುವ ಮನಸ್ಸು ನನಗಿಲ್ಲ. ನಮ್ಮ ಕಡೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಕೌದಿ ಹೊಲಿಯುವ ಹೆಂಗಸರೊಬ್ಬರು ಇನ್ನೂ ನಮ್ಮ ಊರಿನಲ್ಲಿದ್ದಾರೆ. ದೀಪಾವಳಿಯಾದ ಮೇಲೆ ಸೀರೆಯನ್ನು ಅವರ ಕೈಗೆ ಕೊಟ್ಟು, ಅವರು ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಟ್ಟು, ಮೊಮ್ಮಗಳಿಗೊಂದು ಕೌದಿ ಹೊಲಿಸುತ್ತೇನೆ. ಸೆರಗಿನ ಕೂಡು ಇರುವ ಭಾಗ ತಲೆಯ ಕಡೆಗೆ ಬರಲಿ ಎಂದು ಮಾತ್ರ ಹೇಳಬೇಕು. ಅವಳ ಬೆರಳಿಗೂ ಅದು ಸಿಕ್ಕಲಿ. ಅವಳು ಏನು ತೊಟ್ಟು ಮಲಗುತ್ತಾಳೆ ಎಂಬುದನ್ನು ನಾನು ಕೇಳುವುದಿಲ್ಲ.